ಕಾರು ಸ್ಟಾರ್ಟ್ ಆಗುತ್ತಿಲ್ಲವೇ? ಚಾರ್ಜ್, ಜಂಪ್, ಹೊಸ ಬ್ಯಾಟರಿ: ಯಾವಾಗ ಯಾವುದು

ಆಫೀಸಿಗೆ ಹೊರಟಿದ್ದೀರಿ, ಕೀ ತಿರುಗಿಸಿದರೆ ಬಾನೆಟ್ ಕೆಳಗಿಂದ ಕಟ್ ಕಟ್ ಕಟ್ ಅಂತ ಸದ್ದು. ಡ್ಯಾಶ್‌ಬೋರ್ಡಿನ ಲೈಟು ಮಿಣುಕುತ್ತದೆ, ಎಂಜಿನ್ ಮಾತ್ರ ತಿರುಗುವುದಿಲ್ಲ. ಆಗ ಸಲಹೆಗೇನೂ ಬರವಿಲ್ಲ. ಸೆಕ್ಯೂರಿಟಿಯವರು ತಳ್ಳೋಣ ಬನ್ನಿ ಸಾರ್ ಅಂತಾರೆ, ಎದುರು ಮನೆಯವರು ನಮ್ಮ ಕಾರಿನ ಬ್ಯಾಟರಿಯಿಂದ ಕರೆಂಟ್ ಕೊಡೋಕೆ ಜಂಪರ್ ಕೇಬಲ್ ಇದೆ ತರ್ತೀನಿ ಇರಿ ಅಂತಾರೆ, ಬ್ಯಾಟರಿ ಅಂಗಡಿಗೆ ಫೋನ್ ಮಾಡಿದರೆ ಅವರು ಕಾರನ್ನು ಕಣ್ಣಲ್ಲೂ ನೋಡದೆ "ಬ್ಯಾಟರಿ ಹೋಗಿದೆ, ಹೊಸದು ಕಳಿಸ್ತೀನಿ" ಅಂತಾರೆ.

ಮೂರೂ ಸರಿ ಇರಬಹುದು, ಮೂರೂ ದಂಡ ಆಗಬಹುದು. ಯಾಕೆಂದರೆ ಚಾರ್ಜ್ ಇಳಿದ ಬ್ಯಾಟರಿ ಬೇರೆ, ಸತ್ತ ಬ್ಯಾಟರಿ ಬೇರೆ. ಹೊರಗಿನಿಂದ ಎರಡೂ ಒಂದೇ ತರ ಆಡುತ್ತವೆ. ಇಳಿದಿರುವುದಕ್ಕೆ ಒಂದು ರಾತ್ರಿ ಚಾರ್ಜ್ ಹಾಕಿದರೆ ಸಾಕು, ಸತ್ತಿರುವುದಕ್ಕೆ ಏನು ಮಾಡಿದರೂ ಅಷ್ಟೇ. ಇನ್ನು ಕೆಲವು ಸಲ ಬ್ಯಾಟರಿಯದ್ದು ತಪ್ಪೇ ಇರುವುದಿಲ್ಲ. ಬ್ಯಾಟರಿಯ ಕಂಬಕ್ಕೆ ಕೇಬಲ್ ಕೂರುವ ಜಾಗ, ಅಂದರೆ ಟರ್ಮಿನಲ್, ಸಡಿಲ ಇರುತ್ತದೆ, ಇಲ್ಲವೇ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವುದಿಲ್ಲ, ಇಲ್ಲವೇ ಡಿಕ್ಕಿಯ ಲೈಟು ರಾತ್ರಿಯಿಡೀ ಉರಿಯುತ್ತಿರುತ್ತದೆ. ಇದನ್ನು ನೋಡದೆ ನಾಲ್ಕೈದು ಸಾವಿರ ಕೊಟ್ಟು ಹೊಸದು ಹಾಕಿಸಿದರೆ ಆ ಹೊಸದೂ ಸ್ವಲ್ಪ ದಿನಕ್ಕೇ ಮಲಗುತ್ತದೆ. ಹಾಗಾಗಿ ಮೊದಲು ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಡಿಜಿಟಲ್ ಮಲ್ಟಿಮೀಟರ್ ತಂದಿಟ್ಟುಕೊಳ್ಳಿ. ನಮ್ಮ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮುನ್ನೂರರಿಂದ ಐನೂರು ರೂಪಾಯಿ ಒಳಗೆ ನಮಗೆ ಬೇಕಾದಷ್ಟು ಕೆಲಸ ಮಾಡುವ ಮೀಟರ್ ಸಿಗುತ್ತದೆ. ಜಂಪರ್ ಕೇಬಲ್‌ಗಿಂತ ಮೊದಲು ಇದನ್ನು ಕೊಳ್ಳಿ ಅನ್ನುವುದು ನನ್ನ ಖಂಡಿತ ಅಭಿಪ್ರಾಯ.

ಮೀಟರ್ ತೆಗೆಯುವ ಮೊದಲು ಸದ್ದು

ಕಟ್ ಕಟ್ ಕಟ್ ಅಂತ ಬೇಗ ಬೇಗ ಬಡಿದರೆ ಬ್ಯಾಟರಿಯಲ್ಲಿ ದಮ್ಮಿಲ್ಲ, ಅಥವಾ ಇರುವ ದಮ್ಮು ಟರ್ಮಿನಲ್ ದಾಟಿ ಬರುತ್ತಿಲ್ಲ. ಟಕ್ ಅಂತ ಒಂದೇ ಸದ್ದು ಬಂದು ನಿಂತರೆ, ಹೆಡ್‌ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತಿದ್ದರೆ, ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟರಿನ ಕಡೆ ಅನುಮಾನ ಪಡಿ. ಒಳಗಿನ ಲೈಟೂ ಹತ್ತುವುದಿಲ್ಲ ಅಂದರೆ ಬ್ಯಾಟರಿ ಪೂರ್ತಿ ಖಾಲಿ, ಇಲ್ಲವೇ ಕೇಬಲ್ ಬಿಟ್ಟುಕೊಂಡಿದೆ. ಎಂಜಿನ್ ಜೋರಾಗಿ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ ಅಂದರೆ ಬ್ಯಾಟರಿಯನ್ನು ಬಿಟ್ಟುಬಿಡಿ, ಅದು ಪೆಟ್ರೋಲಿನದ್ದೋ ಸ್ಪಾರ್ಕಿನದ್ದೋ ತಕರಾರು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನಲ್ಲಿ ಕೀ ಸಿಗುತ್ತಿಲ್ಲ ಅಂತ ತೋರಿಸಿದರೆ ರಿಮೋಟಿನ ಒಳಗಿರುವ ಪುಟ್ಟ ಸೆಲ್ ಮುಗಿದಿರಬಹುದು. ಸುಮಾರು ಕಾರುಗಳಲ್ಲಿ ರಿಮೋಟನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದರೆ ಗಾಡಿ ಹತ್ತಿಕೊಳ್ಳುತ್ತದೆ.

ಮೂರು ರೀಡಿಂಗ್

ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಕೆಂಪು ವೈರು ವೋಲ್ಟ್ ಅಂತ ಬರೆದಿರುವ ತೂತಿನಲ್ಲೇ ಇರಬೇಕು. 10 ಆಂಪಿಯರ್ ಅಂತ ಬರೆದ ತೂತಿನಲ್ಲಿದ್ದರೆ ಬ್ಯಾಟರಿಗೆ ತಾಗಿಸಿದ ಕೂಡಲೇ ಕಿಡಿ ಹಾರಿ ಮೀಟರ್ ಸುಡುತ್ತದೆ, ಇದೊಂದನ್ನು ಎರಡು ಸಲ ನೋಡಿ.

ಮೊದಲ ರೀಡಿಂಗ್, ಕಾರು ರಾತ್ರಿಯಿಡೀ ನಿಂತ ಮೇಲೆ. 12.6 ವೋಲ್ಟ್ ಅಥವಾ ಮೇಲೆ ಇದ್ದರೆ ಪೂರ್ತಿ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12.0 ಅಂದರೆ ಕಾಲು ಭಾಗ. 11.8ಕ್ಕಿಂತ ಕೆಳಗೆ ಅಂದರೆ ಖಾಲಿ ಅಂತಲೇ ಲೆಕ್ಕ. ನೋಡಿ, ತುಂಬಿರುವುದಕ್ಕೂ ಖಾಲಿಗೂ ನಡುವೆ ಒಂದು ವೋಲ್ಟೂ ವ್ಯತ್ಯಾಸವಿಲ್ಲ. "12 ವೋಲ್ಟ್ ಬ್ಯಾಟರಿ, 12 ತೋರಿಸ್ತಿದೆ, ಸರಿಯಾಗೇ ಇದೆ" ಅಂತ ಜನ ಏಮಾರುವುದು ಇಲ್ಲೇ. ಚಾರ್ಜ್ ಹಾಕಿದರೂ 10.5ರ ಹತ್ತಿರವೇ ನಿಂತರೆ ಒಳಗಿನ ಆರು ಸೆಲ್‌ಗಳಲ್ಲಿ ಒಂದು ಹೋಗಿದೆ ಅಂತ ಅರ್ಥ, ಒಂದೊಂದು ಸೆಲ್ಲೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಅದಕ್ಕೆ ಮದ್ದಿಲ್ಲ.

ಎರಡನೆಯದು ಸೆಲ್ಫ್ ಹೊಡೆಯುವಾಗ. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಮೀಟರ್ ಹಿಡಿದು ನೋಡಲಿ. ಚೆನ್ನಾಗಿರುವ ಬ್ಯಾಟರಿ 10ಕ್ಕಿಂತ ಮೇಲೆಯೇ ಇರುತ್ತದೆ. 9.6ಕ್ಕಿಂತ ಕೆಳಗೆ ಕುಸಿದರೆ, ಅದೂ ಪೂರ್ತಿ ಚಾರ್ಜ್ ಆದ ಮೇಲೂ ಕುಸಿದರೆ, ಬ್ಯಾಟರಿಯ ಆಯಸ್ಸು ಮುಗಿದಿದೆ. ಅರ್ಧ ಚಾರ್ಜಿನಲ್ಲಿ ಈ ಪರೀಕ್ಷೆ ಮಾಡಿ ತೀರ್ಪು ಕೊಡಬೇಡಿ. ಅಂಗಡಿಯವರು ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ನೋಡುವ ಲೋಡ್ ಟೆಸ್ಟರ್ ತಂದು ಮುಳ್ಳು ಕೆಂಪಿಗೆ ಬಿದ್ದಿದ್ದನ್ನು ತೋರಿಸುತ್ತಾರಲ್ಲ, ಅದೂ ಹೀಗೇ. ಇಳಿದಿರುವ ಬ್ಯಾಟರಿಯ ಮೇಲೆ ಹಾಕಿದರೆ ಒಳ್ಳೆಯದೂ ಕೆಂಪೇ ತೋರಿಸುತ್ತದೆ.

ಮೂರನೆಯದು ಎಂಜಿನ್ ಓಡುತ್ತಿರುವಾಗ. 13.8ರಿಂದ 14.5 ಇದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. 12 ಚಿಲ್ಲರೆಯಲ್ಲೇ ಇದ್ದರೆ ಬೆಲ್ಟೋ ಆಲ್ಟರ್ನೇಟರೋ ಕೆಟ್ಟಿದೆ, ಹೊಸ ಬ್ಯಾಟರಿ ಹಾಕಿಸಿ ಪ್ರಯೋಜನವಿಲ್ಲ. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ತೊಂದರೆ, ಬ್ಯಾಟರಿಯನ್ನು ಕುದಿಸಿ ಹಾಕುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರ್ ನಡೆಸುವುದರಿಂದ ವೋಲ್ಟೇಜ್ ಮೇಲೆ ಕೆಳಗೆ ಆಡುತ್ತದೆ. ಅಂಥ ಕಾರಿನಲ್ಲಿ ಹೆಡ್‌ಲೈಟ್, ಬ್ಲೋವರ್ ಹಾಕಿ ಇನ್ನೊಮ್ಮೆ ನೋಡಿ.

ಹಳೇ ಕಾಲದ ಒಂದು ಪರೀಕ್ಷೆ ಇದೆ: ಎಂಜಿನ್ ಓಡುವಾಗಲೇ ಬ್ಯಾಟರಿ ಕೇಬಲ್ ಕಿತ್ತು, ಗಾಡಿ ಓಡುತ್ತಿದ್ದರೆ ಡೈನಮೋ, ಅಂದರೆ ಆಲ್ಟರ್ನೇಟರ್, ಸರಿ ಅಂತ ಹೇಳುವುದು. ಈಗಿನ ಕಾರಿನ ಮೇಲೆ ಯಾರಿಗೂ ಇದನ್ನು ಮಾಡಲು ಬಿಡಬೇಡಿ. ಬ್ಯಾಟರಿ ಇಲ್ಲದಾಗ ವೋಲ್ಟೇಜ್ ಸರ್ರನೆ ಏರಿ ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಸುಟ್ಟರೆ ಹತ್ತು ಬ್ಯಾಟರಿಯ ದುಡ್ಡು ಒಂದೇ ಏಟಿಗೆ ಹೋಗಬಹುದು.

ಖರ್ಚಿಲ್ಲದ ರಿಪೇರಿ: ಟರ್ಮಿನಲ್

ಬನಶಂಕರಿಯಲ್ಲಿರುವ ನಮ್ಮ ಭಾವನ ಕಾರಿಗೆ ಅಂಗಡಿಯವರೊಬ್ಬರು ಬ್ಯಾಟರಿ ಮುಗಿದಿದೆ ಅಂತ ಹೇಳಿ ಹೊಸದರ ರೇಟು ಕೊಟ್ಟಿದ್ದರು. "ಭಾವ, ದುಡ್ಡು ಕೊಡೋ ಮುಂಚೆ ಒಂದು ಸಲ ನೋಡ್ತೀನಿ ಇರಿ" ಅಂತ ಬಾನೆಟ್ ಎತ್ತಿದರೆ ಮೈನಸ್ ಕ್ಲಾಂಪ್ ಬೆರಳಿನಲ್ಲೇ ಗರಗರ ತಿರುಗಿತು. ಬಿಚ್ಚಿದರೆ ಒಳಗೆಲ್ಲ ಬಿಳಿ ಪುಡಿ, ಅಂಚಿನಲ್ಲಿ ಮೈಲುತುತ್ತದ ನೀಲಿ. ಮೀಟರಿನಲ್ಲಿ ಬ್ಯಾಟರಿಯ ಕಂಬಕ್ಕೆ ನೇರ ತಾಗಿಸಿದರೆ 12.5 ಇತ್ತು. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಕಲಸಿ ಕ್ಲಾಂಪ್‌ಗಳ ಮೇಲೆ ಸುರಿದಾಗ ಬುಸ್ಸೆಂದು ನೊರೆ ಎದ್ದಿತು. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಸ್ಯಾಂಡ್‌ಪೇಪರ್‌ನಲ್ಲಿ ಸೀಸದ ಹೊಳಪು ಕಾಣುವ ತನಕ ತಿಕ್ಕಿ, ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದೆವು. ಸೆಲ್ಫ್ ಒಂದೇ ಸಲಕ್ಕೆ ಎತ್ತಿಕೊಂಡಿತು.

ಇದನ್ನು ನೀವೂ ಮಾಡಬಹುದು. ಹೆಚ್ಚಿನ ಕಾರುಗಳಿಗೆ 10ನೇ ನಂಬರ್ ಸ್ಪ್ಯಾನರ್ ಸಾಕು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಈ ಕ್ರಮಕ್ಕೆ ಕಾರಣ ಇದೆ. ಮೈನಸ್ ಇನ್ನೂ ಹಾಕಿರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ, ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಕೈಯಲ್ಲಿ ಉಂಗುರ, ಕಡಗ, ಮೆಟಲ್ ವಾಚ್ ಇದ್ದರೆ ತೆಗೆದಿಡಿ. ಕನ್ನಡಕವಾದರೂ ಹಾಕಿಕೊಳ್ಳಿ, ಒಳಗಿರುವುದು ಆಸಿಡ್. ಸೋಡ ನೀರು ಬ್ಯಾಟರಿ ಮುಚ್ಚಳದ ಒಳಗೆ ಹೋಗದಂತೆಯೂ ನೋಡಿಕೊಳ್ಳಿ.

ಮುಚ್ಚಳ ತೆಗೆಯುವಂಥ ಬ್ಯಾಟರಿಯಾಗಿದ್ದರೆ ನೀರಿನ ಮಟ್ಟವನ್ನೂ ನೋಡಿಬಿಡಿ. ಒಳಗಿನ ಸೀಸದ ತಟ್ಟೆಗಳು ಮುಳುಗಿ ಮೇಲೆ ಒಂದು ಸೆಂಟಿಮೀಟರಿನಷ್ಟು ನೀರಿರಬೇಕು. ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಕಾವೇರಿ ನೀರೂ ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಆರ್‌ಓ ನೀರಿನಲ್ಲೂ ಲವಣ ಉಳಿದಿರುತ್ತದೆ. ಆಸಿಡ್ ತಂದು ಸುರಿಯಬೇಡಿ, ಆವಿಯಾಗಿ ಹೋಗಿರುವುದು ನೀರು ಮಾತ್ರ. ಕೆಲವು ಬ್ಯಾಟರಿಗಳ ಮೇಲೆ ಚಾರ್ಜ್ ತೋರಿಸಲು ಇರುವ ಪುಟ್ಟ ಕಣ್ಣು ಹಸಿರು ತೋರಿಸುತ್ತಿದೆ ಅಂತ ನೆಮ್ಮದಿಯಾಗಿ ಇರುವುದಕ್ಕೂ ಆಗುವುದಿಲ್ಲ. ಅದು ಆರು ಸೆಲ್‌ನಲ್ಲಿ ಒಂದರ ಸ್ಥಿತಿಯನ್ನಷ್ಟೇ ಹೇಳುತ್ತದೆ.

ಈ ಕ್ಷಣಕ್ಕೆ ಗಾಡಿ ಹತ್ತಬೇಕು: ತಳ್ಳುವುದು, ಕೇಬಲ್, ಜಂಪ್ ಪ್ಯಾಕ್, ಫೋನ್

ತಳ್ಳುವುದು ಗೇರ್ ಗಾಡಿಗೆ ಮಾತ್ರ. ಎಎಂಟಿ, ಸಿವಿಟಿ, ಇನ್ನಾವುದೇ ಆಟೋಮ್ಯಾಟಿಕ್ ಆದರೆ ಆ ಯೋಚನೆ ಬಿಡಿ. ಗೇರ್ ಗಾಡಿಯಲ್ಲೂ ಇಗ್ನಿಷನ್ ಆನ್ ಮಾಡಿ, ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿ, ವೇಗ ಬಂದಾಗ ಬಿಡಬೇಕು. ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಕಾರಿನೊಳಗೆ ಪೆಟ್ರೋಲ್ ತಳ್ಳುವ ಪಂಪಿಗೂ ಇಸಿಯುಗೂ ಕರೆಂಟ್ ಇರುವುದಿಲ್ಲ, ಎಷ್ಟು ತಳ್ಳಿದರೂ ಸುಸ್ತು ಮಾತ್ರ. ಬೇಸ್‌ಮೆಂಟಿನ ರ‍್ಯಾಂಪ್ ಇಳಿಜಾರಿನಲ್ಲಿ ಈ ಪ್ರಯತ್ನ ಬೇಡ: ಎಂಜಿನ್ ಓಡದಿದ್ದರೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟೀರಿಂಗೂ ಭಾರ, ಎದುರಿಗೆ ಕಂಬ.

ಜಂಪರ್ ಕೇಬಲ್ ಅಗ್ಗ, ಸಾವಿರ ರೂಪಾಯಿ ಆಸುಪಾಸು, ಹಾಳಾಗುವುದೂ ಕಡಿಮೆ. ಆದರೆ ಇನ್ನೊಂದು ಕಾರು ಬೇಕು, ಅದು ಹತ್ತಿರ ಬರಬೇಕು. ಅಪಾರ್ಟ್‌ಮೆಂಟಿನವರಿಗೆ ಕಷ್ಟ ಇಲ್ಲೇ. ಮೂತಿ ಗೋಡೆಗೆ ಮಾಡಿ ಎರಡು ಕಂಬದ ನಡುವೆ ನಿಲ್ಲಿಸಿದ ಕಾರಿಗೆ ಎರಡು ಮೀಟರ್ ಕೇಬಲ್ ಎಲ್ಲಿಂದಲೂ ಎಟುಕುವುದಿಲ್ಲ. ಕೊಳ್ಳುವುದಾದರೆ ಮೂರು ಮೀಟರಿಗಿಂತ ಉದ್ದದ್ದು, ಒಳಗೆ ತಾಮ್ರ ದಪ್ಪಗಿರುವುದು ತಗೊಳ್ಳಿ. ಪ್ಯಾಕೆಟ್ ಮೇಲೆ ದೊಡ್ಡದಾಗಿ ಆಂಪಿಯರ್ ಬರೆದು ಒಳಗೆ ತೆಳು ಅಲ್ಯೂಮಿನಿಯಂ ಇಟ್ಟಿರುವುದೇ ಮಾರ್ಕೆಟ್ಟಿನಲ್ಲಿ ಜಾಸ್ತಿ. ಅದು ಬಿಸಿಯಾಗುತ್ತದೆ, ಗಾಡಿ ಹತ್ತುವುದಿಲ್ಲ.

ಹಾಕುವ ಕ್ರಮ ಹೀಗೆ. ಎರಡೂ ಕಾರು ಆಫ್, ಒಂದಕ್ಕೊಂದು ತಾಗಿರಬಾರದು. ಕೆಂಪು ಮೊದಲು ಇಳಿದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಕೆಟ್ಟ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕೊನೆಯದನ್ನು ತಾಗಿಸುವಾಗ ಕಿಡಿ ಹಾರುತ್ತದೆ, ಬ್ಯಾಟರಿಯ ಸುತ್ತ ಹೈಡ್ರೋಜನ್ ಇರಬಹುದು, ಅದಕ್ಕೇ ದೂರ. ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ, ಆಮೇಲೆ ಕೆಟ್ಟದ್ದನ್ನು ಹೊಡೆಯಿರಿ. ತೆಗೆಯುವಾಗ ಇದೇ ಕ್ರಮ ಹಿಂದುಮುಂದು. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನಿಂದ ಬೇರೆ ಗಾಡಿಗೆ ಜಂಪ್ ಕೊಡಲು ಹೋಗಬೇಡಿ. ಅವುಗಳ 12 ವೋಲ್ಟ್ ಬ್ಯಾಟರಿ ಸ್ಟಾರ್ಟರ್ ಎಳೆಯುವಷ್ಟು ಕರೆಂಟ್ ಕೊಡುವುದಕ್ಕೆ ಮಾಡಿದ್ದಲ್ಲ.

ಲಿಥಿಯಂ ಜಂಪ್ ಪ್ಯಾಕ್ ಅಂದರೆ ದಪ್ಪ ಪವರ್ ಬ್ಯಾಂಕಿನ ತರ ಇರುತ್ತದೆ, ಒಳ್ಳೆಯದಕ್ಕೆ ನಾಲ್ಕೈದು ಸಾವಿರ ಆಗಬಹುದು. ಇನ್ನೊಂದು ಕಾರು ಬೇಡ, ಯಾರ ಮನೆ ಬೆಲ್ಲೂ ಒತ್ತಬೇಕಿಲ್ಲ, ರಾತ್ರಿ ಹನ್ನೊಂದಕ್ಕೂ ಒಬ್ಬರೇ ಮಾಡಿಕೊಳ್ಳಬಹುದು. ಬೇಸ್‌ಮೆಂಟ್ ಪಾರ್ಕಿಂಗ್ ಇರುವವರಿಗೆ, ರಾತ್ರಿ ಪಾಳಿಯವರಿಗೆ, ಒಬ್ಬರೇ ಓಡಾಡುವ ಹೆಣ್ಣುಮಕ್ಕಳಿಗೆ ನಾನು ಕೇಬಲ್ ಬಿಟ್ಟು ಇದನ್ನೇ ಹೇಳುತ್ತೇನೆ. ಆದರೆ ಮೂರು ತಿಂಗಳಿಗೊಮ್ಮೆ ಅದಕ್ಕೂ ಚಾರ್ಜ್ ಹಾಕಬೇಕು, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು. ಈ ಎರಡು ಶಿಸ್ತು ನಿಮ್ಮ ಕೈಲಿ ಆಗದಿದ್ದರೆ ಕೇಬಲ್ಲೇ ವಾಸಿ.

ಫೋನ್ ಮಾಡಿ ಕರೆಸುವುದೂ ಒಳ್ಳೆಯ ದಾರಿಯೇ. ನಿಮ್ಮ ಇನ್ಶೂರೆನ್ಸಿನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿದೆಯಾ ನೋಡಿ, ದುಡ್ಡು ಕಟ್ಟಿಯೂ ಅದು ಇರುವುದು ತುಂಬ ಜನಕ್ಕೆ ಗೊತ್ತೇ ಇರುವುದಿಲ್ಲ. ಸಂಜೆ ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ಅವರು ಬರುವ ತನಕ ಕಾಯುವ ತಾಳ್ಮೆ ಇರಬೇಕು, ಅಷ್ಟೇ.

ಬೇಸ್‌ಮೆಂಟಿಗೆ ಮಳೆ ನೀರು ನುಗ್ಗಿ ಕಾರು ಮುಳುಗಿದ್ದರೆ ಮೇಲಿನ ಯಾವುದನ್ನೂ ಮಾಡಬೇಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಸರ್ಜಾಪುರ ರಸ್ತೆ ಕಡೆ ಎಷ್ಟೊಂದು ಕಾರುಗಳು ನೀರಲ್ಲಿ ನಿಂತವು. ಅಂಥ ಎಂಜಿನ್ನಿಗೆ ಜಂಪ್ ಕೊಟ್ಟು ತಿರುಗಿಸಿದರೆ ಸಿಲಿಂಡರಿನೊಳಗಿನ ನೀರು ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಗ್ಗಿಸುತ್ತದೆ. ನೀರಿಳಿದ ಮೇಲೆ ಮೈನಸ್ ಬಿಚ್ಚಿಟ್ಟು ಟೋ ಮಾಡಿಸುವುದೊಂದೇ.

ಚಾರ್ಜ್: ಸುತ್ತು ಹೊಡೆದು ಬರುವುದಾ, ಚಾರ್ಜರ್ ಹಾಕುವುದಾ

ಜಂಪ್ ಕೊಟ್ಟು ಹತ್ತಿಸಿದ ಮೇಲೆ "ಅರ್ಧ ಗಂಟೆ ಓಡಿಸಿ, ಚಾರ್ಜ್ ಆಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಮನೆ ತಲುಪುವಷ್ಟು ಆಗುತ್ತದೆ, ನಿಜ. ತುಂಬುವುದಿಲ್ಲ. ಸೀಸದ ಬ್ಯಾಟರಿ ಕೊನೆಯ ಕಾಲು ಭಾಗವನ್ನು ತೀರಾ ನಿಧಾನಕ್ಕೆ ತುಂಬಿಕೊಳ್ಳುತ್ತದೆ, ಅದಕ್ಕೆ ಗಂಟೆಗಟ್ಟಲೆ ಬೇಕು. ಮೇಲಾಗಿ ನಮ್ಮ ಓಡಾಟ ಎಂಥದ್ದು? ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ಎಂಜಿನ್ ಐಡಲ್‌ನಲ್ಲಿ, ಎಸಿ ಬ್ಲೋವರ್ ಆನ್, ರೇಡಿಯೇಟರ್ ಫ್ಯಾನ್ ಆನ್, ಹ್ಯಾಲೊಜನ್ ಹೆಡ್‌ಲೈಟ್ ಎರಡಕ್ಕೇ ಸುಮಾರು 9 ಆಂಪಿಯರ್. ಐಡಲ್‌ನಲ್ಲಿ ಆಲ್ಟರ್ನೇಟರ್ ಕೊಡುವುದೇ ಕಡಿಮೆ, ಅದರಲ್ಲಿ ಬ್ಯಾಟರಿಗೆ ಉಳಿಯುವುದು ಚೂರು. ಕಲಬುರಗಿ, ರಾಯಚೂರಿನ ಬಿಸಿಲಿಗೆ ಹೋಲಿಸಿದರೆ ನಮ್ಮೂರಿನ ಹವೆ ಬ್ಯಾಟರಿಗೆ ತುಂಬ ಒಳ್ಳೆಯದು, ಸೆಕೆಯೇ ಬ್ಯಾಟರಿಯ ದೊಡ್ಡ ಶತ್ರು. ಆದರೂ ಇಲ್ಲಿ ಬ್ಯಾಟರಿ ಬೇಗ ಕೆಡುವುದು ಮನೆಯಿಂದ ಸ್ಕೂಲಿಗೆ, ಸ್ಕೂಲಿಂದ ತರಕಾರಿ ಅಂಗಡಿಗೆ ಅನ್ನುವ ಎರಡು ಕಿಲೋಮೀಟರ್ ಓಡಾಟದಿಂದ, ಮತ್ತೆ ವರ್ಕ್ ಫ್ರಮ್ ಹೋಮ್ ಅಂತ ವಾರಗಟ್ಟಲೆ ಕಾರು ನಿಂತೇ ಇರುವುದರಿಂದ. ಅರ್ಧ ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಅದು ಚಾರ್ಜ್ ಹಿಡಿಯುವುದಿಲ್ಲ. ಇಳಿದ ಬ್ಯಾಟರಿ ಸತ್ತ ಬ್ಯಾಟರಿ ಆಗುವುದು ಹೀಗೆ. ನಾಳೆ ಮಾಡೋಣ, ಭಾನುವಾರ ಮಾಡೋಣ ಅಂತ ಮುಂದೂಡಬೇಡಿ.

ತುಂಬಿಸಬೇಕು ಅಂದರೆ ಚಾರ್ಜರೇ ಬೇಕು. ತಾನಾಗಿ ನಿಲ್ಲುವ ಆಟೋಮ್ಯಾಟಿಕ್ ಚಾರ್ಜರ್ ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವುದನ್ನು ಆಂಪಿಯರ್-ಅವರ್‌ನಲ್ಲಿ ಹೇಳುತ್ತಾರೆ, ಅದರ ಹತ್ತನೇ ಒಂದು ಭಾಗದ ಕರೆಂಟ್ ಸರಿ: 35 ಆಂಪಿಯರ್-ಅವರ್ ಬ್ಯಾಟರಿಗೆ 3.5 ಆಂಪಿಯರ್, ಪೂರ್ತಿ ಖಾಲಿ ಇದ್ದರೆ ಹತ್ತು ಹನ್ನೆರಡು ಗಂಟೆ. ಪಾರ್ಕಿಂಗಿನಲ್ಲಿ ಪ್ಲಗ್ ಪಾಯಿಂಟ್ ಇಲ್ಲದಿದ್ದರೆ ಬ್ಯಾಟರಿಯನ್ನೇ ಬಿಚ್ಚಿ ಮೇಲೆ ತನ್ನಿ, ಸಣ್ಣ ಪೆಟ್ರೋಲ್ ಕಾರಿನದ್ದು ಸುಮಾರು ಹತ್ತು ಕೆಜಿ ಇರುತ್ತದೆ. ಬಾಲ್ಕನಿಯಲ್ಲಿ, ಗಾಳಿ ಆಡುವ ಕಡೆ ಇಡಿ. ಗ್ಯಾಸ್ ಸ್ಟವ್ ಹತ್ತಿರ, ದೀಪ ಹಚ್ಚಿದ ದೇವರ ಮನೆ ಹತ್ತಿರ ಬೇಡ. ಕಾರಿನಲ್ಲೇ ಹಾಕುವುದಾದರೆ, ಮೈನಸ್ ಕಂಬದ ಮೇಲೆ ಪುಟ್ಟ ಸೆನ್ಸರ್ ಡಬ್ಬಿ ಇದ್ದರೆ ಚಾರ್ಜರಿನ ಕಪ್ಪನ್ನು ಕಂಬಕ್ಕೆ ಹಾಕದೆ ಬಾಡಿಗೆ ಹಾಕಿ.

ಮನೆಯ ಇನ್ವರ್ಟರಿಗೆ ಹಾಕಿ ಚಾರ್ಜ್ ಮಾಡಬಹುದಲ್ಲ ಅಂತ ಕೇಳುವವರಿದ್ದಾರೆ. ಬೇಡ. ಅದು 150ರ ದೊಡ್ಡ ಬ್ಯಾಟರಿಗೆ ಅಂತ 10-15 ಆಂಪಿಯರ್ ತಳ್ಳುತ್ತದೆ, ಕಾರಿನ ಪುಟ್ಟ ಬ್ಯಾಟರಿ ಕಾದು ಹೋಗುತ್ತದೆ. ಚಾರ್ಜರ್ ಕೊಳ್ಳುವ ಮನಸ್ಸಿಲ್ಲದಿದ್ದರೆ ಬಡಾವಣೆಯ ಬ್ಯಾಟರಿ ಅಂಗಡಿಗೆ ಕೊಟ್ಟರೆ ಒಂದು ರಾತ್ರಿ ಇಟ್ಟು ಚಾರ್ಜ್ ಮಾಡಿ ಕೊಡುತ್ತಾರೆ, ಕೆಲವರು ಅಷ್ಟರ ತನಕ ಓಡಿಸಲು ಸರ್ವಿಸ್ ಬ್ಯಾಟರಿಯನ್ನೂ ಹಾಕಿಕೊಡುತ್ತಾರೆ.

ಚಾರ್ಜ್ ಆದ ಮೇಲೆ ಕೇಬಲ್ ಹಾಕದೆ ಒಂದು ರಾತ್ರಿ ಸುಮ್ನೆ ಬಿಡಿ. ಬೆಳಗ್ಗೆ 12.6 ಇದ್ದರೆ ಬ್ಯಾಟರಿ ಬದುಕಿದೆ. 12.4ಕ್ಕಿಂತ ಇಳಿದಿದ್ದರೆ ಅದು ತಾನಾಗಿಯೇ ಸೋರುತ್ತಿದೆ, ಅದರ ಮೇಲೆ ಇನ್ನು ಒಂದು ರೂಪಾಯಿಯೂ ಹಾಕಬೇಡಿ. ಈ ಒಂದು ರಾತ್ರಿಯ ಪರೀಕ್ಷೆಯನ್ನು ಮಾಡದೆ ಯಾರೂ ಹೊಸ ಬ್ಯಾಟರಿ ಕೊಳ್ಳಬಾರದು ಅಂತಲೇ ನಾನು ಇಷ್ಟು ಬರೆಯುತ್ತಿರುವುದು.

ಬ್ಯಾಟರಿ ಚೆನ್ನಾಗಿದೆ, ಆದರೂ ಇಳಿಯುತ್ತದೆ

ಹಾಗಾದರೆ ಕಾರೇ ಕರೆಂಟ್ ಕುಡಿಯುತ್ತಿದೆ. ನಿಂತ ಕಾರು ಗಡಿಯಾರ, ಅಲಾರಂ, ಲಾಕ್‌ಗೆ ಅಂತ 50 ಮಿಲಿಆಂಪಿಯರ್ ತನಕ ಎಳೆಯುವುದು ಸಹಜ. ಅದೇ ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು, 35ರ ಬ್ಯಾಟರಿ ಎರಡು ವಾರಕ್ಕೆ ಅರ್ಧ ಆಗುತ್ತದೆ. ಊರಿಗೆ ಹೋಗಿ ಬಂದ ಮೇಲೆ ಕಾರು ಹತ್ತದಿದ್ದರೆ ಆಶ್ಚರ್ಯವಿಲ್ಲ ಅಲ್ವಾ? ಪಾರ್ಕಿಂಗಿನಲ್ಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ 250 ಮಿಲಿಆಂಪಿಯರ್ ಎಳೆದರೆ ಮೂರೇ ದಿನಕ್ಕೆ ಅರ್ಧ. ಡಿಕ್ಕಿಯ 5 ವಾಟ್ ಬಲ್ಬ್ ಆರದೇ ಇದ್ದರೆ ಎರಡು ದಿನ ಕೂಡ ಬೇಡ.

ಹುಡುಕುವ ರೀತಿ: ಮೀಟರನ್ನು 10 ಆಂಪಿಯರ್‌ಗೆ ಹಾಕಿ (ಈಗ ಕೆಂಪು ವೈರು ಆ ತೂತಿಗೇ), ಮೈನಸ್ ಕೇಬಲ್ ಬಿಚ್ಚಿ ಕೇಬಲ್‌ಗೂ ಕಂಬಕ್ಕೂ ನಡುವೆ ಸೇರಿಸಿ. ಬಾಗಿಲು ಮುಚ್ಚಿ, ಲಾಕ್ ಮಾಡಿ, ಅರ್ಧ ಗಂಟೆ ಕಾಯಿರಿ, ಒಳಗಿನ ಕಂಪ್ಯೂಟರ್‌ಗಳು ಮಲಗಲು ಅಷ್ಟು ಹೊತ್ತು ಬೇಕು. ಈ ಸ್ಥಿತಿಯಲ್ಲಿ ಬಾಗಿಲು ತೆಗೆಯಬೇಡಿ, ಸೆಲ್ಫ್ ಅಂತೂ ಹೊಡೆಯಲೇಬೇಡಿ, ಮೀಟರಿನ ಫ್ಯೂಸೋ ಮೀಟರೋ ಹೋಗುತ್ತದೆ. ಆಮೇಲೂ 0.05ಕ್ಕಿಂತ ತುಂಬ ಜಾಸ್ತಿ ತೋರಿಸಿದರೆ ಬಾನೆಟ್ ಕೆಳಗಿನ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ದಬಕ್ಕನೆ ಇಳಿಯುತ್ತದೋ ಕಳ್ಳ ಆ ಲೈನಿನಲ್ಲಿದ್ದಾನೆ. ನನಗೆ ಕಂಡ ಹಾಗೆ ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಜಿಪಿಎಸ್ ಟ್ರ್ಯಾಕರ್, ಡ್ಯಾಶ್‌ಕ್ಯಾಮ್, ಈ ಮೂರರ ಮೇಲೆ ಮೊದಲು ಕಣ್ಣಿಡಬೇಕು. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಮೈನಸ್ ಬಿಚ್ಚಿಟ್ಟು ಹೋಗಿ. ವಾಪಸ್ ಹಾಕಿದಾಗ ಗಡಿಯಾರ ಸರಿಮಾಡಬೇಕು, ಕೆಲವು ಕಾರಿನಲ್ಲಿ ಸ್ಟೀರಿಯೋ ಕೋಡ್ ಕೇಳುತ್ತದೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಹೊಸದೇ ಬೇಕು ಅಂದಾಗ

ನಾಲ್ಕೈದು ವರ್ಷ ದುಡಿದ ಬ್ಯಾಟರಿಯಾಗಿದ್ದರೆ, ಪರೀಕ್ಷೆಯಲ್ಲಿ ಬಿದ್ದರೆ, ಮರುಕ ಬೇಡ, ಬದಲಾಯಿಸಿ. ಹೊಟ್ಟೆ ಉಬ್ಬಿದ, ಸೀಳಿದ, ಕೊಳೆತ ಮೊಟ್ಟೆಯ ವಾಸನೆ ಬರುವ ಬ್ಯಾಟರಿಗೆ ಪರೀಕ್ಷೆಯೂ ಬೇಡ, ಚಾರ್ಜೂ ಹಾಕಬಾರದು.

ಯಾವ ಜಾತಿಯದ್ದು? ಸಾಮಾನ್ಯ ಪೆಟ್ರೋಲ್ ಕಾರಿಗೆ ನೀರು ಹಾಕುವ ತಾಪತ್ರಯವಿಲ್ಲದ ಮಾಮೂಲಿ ಮೇಂಟೆನೆನ್ಸ್-ಫ್ರೀ ಬ್ಯಾಟರಿ ಸಾಕು, ಸಾಕಷ್ಟೇ ಅಲ್ಲ, ಅದೇ ಸರಿ. ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ನಿಂತು ಹತ್ತುವ ಕಾರಿಗೆ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಅನ್ನುವ ಬ್ಯಾಟರಿ ಹಾಕಿರುತ್ತಾರೆ, ಅದೇ ಜಾತಿಯನ್ನೇ ಹಾಕಿ. ಅಗ್ಗ ಅಂತ ಮಾಮೂಲಿಯದ್ದು ಹಾಕಿದರೆ ದಿನಕ್ಕೆ ಅಷ್ಟೊಂದು ಸಲ ಸ್ಟಾರ್ಟ್ ಮಾಡಿ ಬೇಗ ಸವೆಯುತ್ತದೆ. ಹಾಗೆಯೇ ಮಾಮೂಲಿ ಕಾರಿಗೆ ದುಬಾರಿ ಎಜಿಎಂ ಹಾಕಿಸಿ ಲಾಭವೂ ಇಲ್ಲ, ಎಂಜಿನ್ ಪಕ್ಕದ ಕಾವು ಅದಕ್ಕೆ ಆಗಿಬರುವುದಿಲ್ಲ.

ಹಳೇ ಬ್ಯಾಟರಿಯ ಮೇಲಿನ ನಂಬರನ್ನು ಫೋಟೋ ತೆಗೆದುಕೊಂಡು ಹೋಗಿ. 38B20L, 38B20R ಅಂತ ಇರುತ್ತದೆ. ಕೊನೆಯ ಅಕ್ಷರ ಟರ್ಮಿನಲ್ ಯಾವ ಕಡೆ ಅನ್ನುವುದನ್ನು ಹೇಳುತ್ತದೆ, ಅದು ತಪ್ಪಿದರೆ ಕೇಬಲ್ ಎಟುಕುವುದಿಲ್ಲ. 20 ಅನ್ನುವುದು ಉದ್ದ, ಸೆಂಟಿಮೀಟರಿನಲ್ಲಿ.

ವಾರಂಟಿಯಲ್ಲಿ ಒಂದು ವಿಷಯ ಗಮನಿಸಿ. "60 ತಿಂಗಳು" ಅಂತ ದೊಡ್ಡಕ್ಷರದಲ್ಲಿ ಇರುವುದು ಎರಡು ಭಾಗ ಸೇರಿ. ಮೊದಲ ಭಾಗದಲ್ಲಿ ಕೆಟ್ಟರೆ ಹೊಸದನ್ನು ಫ್ರೀಯಾಗಿ ಕೊಡುತ್ತಾರೆ. ಎರಡನೆಯದರಲ್ಲಿ ಹೊಸದರ ಮೇಲೆ ರಿಯಾಯಿತಿ ಮಾತ್ರ. ಆ ರಿಯಾಯಿತಿಯನ್ನು ಸಾಮಾನ್ಯವಾಗಿ ಎಂಆರ್‌ಪಿ ಮೇಲೆ ಲೆಕ್ಕ ಹಾಕುವುದರಿಂದ, ಅಂಗಡಿಯಲ್ಲಿ ಮಾಮೂಲಿಯಾಗಿ ಸಿಗುವ ಕಡಿತವನ್ನು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಎರಡು ಬ್ಯಾಟರಿ ಹೋಲಿಸುವಾಗ ಒಟ್ಟು ತಿಂಗಳು ಬಿಡಿ, ಫ್ರೀ ಬದಲಾವಣೆಯ ತಿಂಗಳು ಯಾವುದರಲ್ಲಿ ಜಾಸ್ತಿ ಅಂತ ನೋಡಿ. ಎಕ್ಸೈಡ್, ಅಮರಾನ್, ಎಸ್‌ಎಫ್, ಟಾಟಾ ಗ್ರೀನ್ ಇವುಗಳ ನಡುವಿನ ಜಗಳಕ್ಕಿಂತ ಈ ಒಂದು ಅಂಕಿ ನಿಮ್ಮ ಜೇಬಿಗೆ ಹತ್ತಿರದ್ದು.

ಎಲ್ಲಿ ಕೊಳ್ಳುವುದು? ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ವಿಚಾರಿಸಿದರೆ ಬೆಲೆ ಇಳಿಯುತ್ತದೆ, ಆದರೆ ಅಲ್ಲಿ ಕಾರು ನಿಲ್ಲಿಸುವ ಪಾಡು ನಿಮಗೇ ಗೊತ್ತು. ಆನ್‌ಲೈನಿನಲ್ಲಿ ಬುಕ್ ಮಾಡಿದರೆ ಮನೆಗೇ ಬಂದು ಹಾಕುತ್ತಾರೆ, ಬೆಲೆಯೂ ಕಡಿಮೆ ಇರುವುದುಂಟು. ಸರ್ವಿಸ್ ಸೆಂಟರಿನಲ್ಲಿ ಜಾಸ್ತಿ, ಆದರೆ ಕಾರು ಇನ್ನೂ ವಾರಂಟಿಯಲ್ಲಿದ್ದರೆ ಅಲ್ಲೇ ಮೊದಲು ಕೇಳಬೇಕು. ನನ್ನ ಆಯ್ಕೆ ಬಡಾವಣೆಯ ಅಧಿಕೃತ ಡೀಲರ್. ನೂರಿನ್ನೂರು ಜಾಸ್ತಿ ಆದರೂ ಎರಡು ವರ್ಷ ಬಿಟ್ಟು ವಾರಂಟಿಗೆ ಹೋದಾಗ ಮುಖ ಗುರುತು ಹಿಡಿಯುವವರು ಅವರೇ.

ಎಲ್ಲಿ ತಗೊಂಡರೂ ಹಾಕುವ ಮೊದಲು ತಯಾರಾದ ತಿಂಗಳು ನೋಡಿ, ಆರು ತಿಂಗಳಿಗಿಂತ ಹಳೆಯದಾದರೆ ಬೇರೆ ಕೊಡಿ ಅನ್ನಿ. ನಿಮ್ಮ ಮೀಟರ್ ತಾಗಿಸಿ 12.5ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿ ಕೊಡಿ ಅನ್ನಿ. ಹಾಕಿದ ಮೇಲೆ ಎಂಜಿನ್ ಓಡಿಸಿ ಮೂರನೇ ರೀಡಿಂಗ್ ತೆಗೆಯಿರಿ, ಹಾಕಲು ಬಂದವರು ಅಲ್ಲಿರುವಾಗಲೇ. ಬ್ಯಾಟರಿಯನ್ನು ಜಾಗದಲ್ಲಿ ಹಿಡಿದಿಡುವ ಕ್ಲಾಂಪ್ ಬಿಗಿ ಇದೆಯಾ ಅಲ್ಲಾಡಿಸಿ ನೋಡಿ, ನಮ್ಮ ರಸ್ತೆ ಗುಂಡಿಗಳಿಗೆ ಸಡಿಲ ಬ್ಯಾಟರಿಯ ತಟ್ಟೆಗಳು ಉದುರುತ್ತವೆ. ಹಳೆಯದನ್ನು ಅದೇ ಅಂಗಡಿಗೆ ಎಕ್ಸ್‌ಚೇಂಜ್ ಕೊಡಿ, ಬೆಲೆಯಲ್ಲಿ ಕಡಿತ ಸಿಗುತ್ತದೆ. ಗುಜರಿಯವರಿಗೆ ಹಾಕಿದರೆ ಯಾವುದೋ ಶೆಡ್ಡಿನಲ್ಲಿ ಒಡೆದು ಆಸಿಡ್ಡನ್ನು ಚರಂಡಿಗೆ ಸುರಿಯುವ ಭಯ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿಯನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರ ಮೇಲಿದೆ. ಬಿಲ್ಲಿನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ಬರೆಸಿಕೊಂಡು, ವಾರಂಟಿ ಕಾರ್ಡಿನ ಜೊತೆ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಆ ಬಿಲ್ಲಿನ ಅಕ್ಷರಗಳು ವರ್ಷ ಕಳೆಯುವುದರೊಳಗೆ ಮಾಸಿಹೋಗುತ್ತವೆ.